ವಸತಿನಿಲಯದ ಸೂಚನೆಯಲ್ಲಿ ಏನಿರಬೇಕು? ಪಾನೀಯಕ್ಕೆ ಮತ್ತಿನ ಔಷಧ ಬೆರೆಸುವ ಅಪರಾಧದ ಕುರಿತು ಒಂದು ಚರ್ಚೆ

ಹಿಂಡಲಗಾ ಅಕ್ಕ:
ನಾನು ನಿವೃತ್ತ ಶಿಕ್ಷಕಿ. ಬೆಳಗಾವಿಯ ಒಂದು ಖಾಸಗಿ ಮಹಿಳಾ ವಸತಿನಿಲಯದ ಸಲಹಾ ಸಮಿತಿಯಲ್ಲಿದ್ದೇನೆ. ಇಂಜಿನಿಯರಿಂಗ್, ನರ್ಸಿಂಗ್, ಕಾನೂನು ಓದುವ ಹುಡುಗಿಯರ ಜೊತೆಗೆ ಉದ್ಯಮಬಾಗದ ಕಾರ್ಖಾನೆಗಳ ಕಡೆಗೆ ಕೆಲಸಕ್ಕೆ ಹೋಗುವ ಕೆಲವರೂ ಅಲ್ಲಿ ಇದ್ದಾರೆ. ಕೆಲವು ತಿಂಗಳ ಹಿಂದೆ ಅವರಲ್ಲಿ ಒಬ್ಬಳು ಪರಿಚಯದವರ ಮನೆಯ ಹುಟ್ಟುಹಬ್ಬಕ್ಕೆ ಹೋದವಳು ಮರುದಿನ ಹೊತ್ತು ಏರಿದ ಮೇಲೆ ಹಿಂದಿರುಗಿದಳು. ತಾನು ಕುಡಿದದ್ದು ಒಂದೇ ಲೋಟ ತಂಪು ಪಾನೀಯ, ಅದರ ನಂತರದ್ದು ಯಾವುದೂ ನೆನಪಿಲ್ಲ ಎಂದಳು. ಅವಳ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ, ದಯವಿಟ್ಟು ಯಾರೂ ಕೇಳಬಾರದು.

ಈಗ ನಮ್ಮ ಮೇಲ್ವಿಚಾರಕಿ ಸೂಚನಾಫಲಕಕ್ಕೆಂದು ನಾಲ್ಕು ವಾಕ್ಯಗಳ ಒಂದು ಕರಡನ್ನು ಸಿದ್ಧಪಡಿಸಿದ್ದಾರೆ. ಅಪರಿಚಿತರು ಕೊಟ್ಟದ್ದನ್ನು ಕುಡಿಯಬಾರದು ಎಂಬುದು ಮೊದಲನೆಯದು. ತಮ್ಮ ಲೋಟವನ್ನು ಬಿಟ್ಟು ಎದ್ದುಹೋಗಬಾರದು ಎಂಬುದು ಎರಡನೆಯದು. ರಾತ್ರಿ ಎಂಟೂವರೆಗೆ ಗೇಟು ಮುಚ್ಚಲಾಗುವುದು ಮತ್ತು ಆಮೇಲೆ ಯಾವ ಕಾರಣಕ್ಕೂ ತೆರೆಯಲಾಗುವುದಿಲ್ಲ ಎಂಬುದು ಮೂರನೆಯದು. ನಿಯಮ ಮುರಿದವರ ಪಾಲಕರಿಗೆ ಪತ್ರ ಬರೆಯಲಾಗುವುದು ಎಂಬುದು ನಾಲ್ಕನೆಯದು. ಬರುವ ರವಿವಾರ ಸಮಿತಿ ಇದಕ್ಕೆ ಒಪ್ಪಿಗೆ ಕೊಡಬೇಕಾಗಿದೆ. ಓದಿದಾಗ ತಪ್ಪೇನೂ ಕಾಣಲಿಲ್ಲ. ಆದರೂ ಸಹಿ ಹಾಕಲು ಕೈ ಬರುತ್ತಿಲ್ಲ. ತಿಳಿದವರು ಹೇಳಬೇಕು.

ಬೈಲಹೊಂಗಲದ ಪಾಲಕ:
ಅಕ್ಕಾವರೇ, ಇದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ? ನನ್ನ ಮಗಳೂ ಬೆಳಗಾವಿಯಲ್ಲಿ ವಸತಿನಿಲಯದಲ್ಲಿ ಇದ್ದು ಓದುತ್ತಿದ್ದಾಳೆ. ಹೊಲ ಅಡವಿಟ್ಟು ಓದಿಸುತ್ತಿರುವ ನನ್ನಂಥವರಿಗೆ ಎಂಟೂವರೆಗೆ ಗೇಟು ಮುಚ್ಚುತ್ತದೆ ಎಂಬ ಒಂದು ಮಾತೇ ರಾತ್ರಿ ನಿದ್ದೆ ಕೊಡುತ್ತದೆ. ಮನೆಗೆ ಬೀಗ ಹಾಕಿದರೆ ಕಳ್ಳತನದ ಹೊಣೆಯನ್ನು ಮನೆಯವರ ಮೇಲೆ ಹೊರಿಸಿದಂತೆ ಆಗುವುದಿಲ್ಲವಲ್ಲ, ಇದೂ ಹಾಗೆಯೇ. ಹುಡುಗಿಯರಿಗೆ ಎಚ್ಚರಿಕೆ ಹೇಳುವುದೇ ಅಪಮಾನ ಎಂದು ವಾದಿಸುವವರು ಬರುತ್ತಾರೆಂದು ಗೊತ್ತಿದ್ದೇ ಮೊದಲು ಬರೆದಿದ್ದೇನೆ.

ಹಳೆಯ ನಿವಾಸಿ:
ಆ ವಾದಿಸುವವಳು ನಾನೇ ಎಂದುಕೊಳ್ಳಿ ಕಾಕಾ. ಆದರೆ ಅಪಮಾನದ ಮಾತನ್ನು ನಾನು ಎತ್ತುವುದಿಲ್ಲ. ಎಂಟು ವರ್ಷಗಳ ಹಿಂದೆ ಟಿಳಕವಾಡಿಯ ಒಂದು ವಸತಿನಿಲಯದಲ್ಲಿ ಇಂಥದೇ ಗೇಟಿನ ಒಳಗೆ ನಾನಿದ್ದೆ. ಒಂದು ಸಂಜೆ ನಾಲ್ವರು ಸಹಪಾಠಿಗಳೊಂದಿಗೆ ಊಟಕ್ಕೆ ಹೋದಾಗ, ಅರ್ಧ ಲೋಟ ಹಣ್ಣಿನ ರಸ ಕುಡಿದ ಸ್ವಲ್ಪ ಹೊತ್ತಿಗೆ ನನ್ನ ಕಾಲು ನನ್ನ ಮಾತು ಕೇಳದಂತಾಯಿತು, ನಾಲಿಗೆ ದಪ್ಪವಾಯಿತು, ಎದುರಿಗೆ ಕೂತವರ ಧ್ವನಿ ಬಾವಿಯೊಳಗಿಂದ ಬಂದಂತೆ ಕೇಳತೊಡಗಿತು. ಆಗ ಎಂಟು ಐವತ್ತು. ಗೇಟು ಮುಚ್ಚಿ ಇಪ್ಪತ್ತು ನಿಮಿಷವಾಗಿತ್ತು. ಅಷ್ಟು ಮಂಪರಿನಲ್ಲಿಯೂ ನನಗೆ ನೆನಪಿದ್ದ ಒಂದೇ ಸಂಗತಿ ಅದು. ‘ನಿನಗೆ ಈಗ ಒಳಗೆ ಬಿಡುವುದಿಲ್ಲ, ನಮ್ಮ ರೂಮಿಗೆ ಬಂದು ಮಲಗು’ ಎಂದು ಒಬ್ಬ ಹೇಳಿದ. ಅವನ ಮಾತು ಸತ್ಯವೇ ಆಗಿತ್ತು. ಜೊತೆಗಿದ್ದ ಗೆಳತಿ ಹಟ ಹಿಡಿದು ನನ್ನನ್ನು ಆಟೋದಲ್ಲಿ ಹಾಕಿಕೊಂಡು ತನ್ನ ಅತ್ತೆಯ ಮನೆಗೆ ಒಯ್ದದ್ದರಿಂದ ಈ ಮಾತನ್ನು ಇಷ್ಟು ನಿರಾಳವಾಗಿ ಬರೆಯುತ್ತಿದ್ದೇನೆ.

ಆ ರಸದಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಏಕೆಂದರೆ ಪಾಲಕರಿಗೆ ಪತ್ರ ಹೋದೀತೆಂಬ ಅಂಜಿಕೆಗೆ ಯಾರಿಗೂ ಹೇಳಲಿಲ್ಲ, ಪರೀಕ್ಷೆಯನ್ನೂ ಮಾಡಿಸಲಿಲ್ಲ. ಕರಡಿನ ಮೂರನೆಯ ಮತ್ತು ನಾಲ್ಕನೆಯ ವಾಕ್ಯಗಳನ್ನು ಮತ್ತೊಮ್ಮೆ ಓದಿ. ಆ ಎರಡೂ ವಾಕ್ಯಗಳು ಅವತ್ತು ಆ ಹುಡುಗನ ಪರವಾಗಿ ಕೆಲಸ ಮಾಡಿದ್ದವು. ಮೊದಲನೆಯ ವಾಕ್ಯದಲ್ಲಿರುವ ‘ಅಪರಿಚಿತರು’ ಅಲ್ಲಿ ಯಾರೂ ಇರಲಿಲ್ಲ. ನಾಲ್ವರೂ ನನ್ನ ತರಗತಿಯವರೇ.

ತುರ್ತು ವಿಭಾಗದ ವೈದ್ಯೆ:
ಹಳೆಯ ನಿವಾಸಿಯವರು ಬರೆದದ್ದು ನಾವು ಆಸ್ಪತ್ರೆಯಲ್ಲಿ ನೋಡುವುದಕ್ಕೆ ಬಹಳ ಹತ್ತಿರದಲ್ಲಿದೆ. ಕೆಲವು ಸಂಗತಿಗಳನ್ನು ಸ್ಪಷ್ಟಪಡಿಸುತ್ತೇನೆ.

ಜನರ ಕಲ್ಪನೆಯಲ್ಲಿ ಇದು ಪಬ್ಬಿನಲ್ಲಿ ಯಾರೋ ಲೋಟಕ್ಕೆ ಬಿಳಿಯ ಪುಡಿ ಉದುರಿಸುವ ದೃಶ್ಯ. ಆದರೆ ಇಂಥ ಪ್ರಕರಣಗಳಲ್ಲಿ ರಕ್ತ ಮತ್ತು ಮೂತ್ರದ ಪರೀಕ್ಷೆ ನಡೆದಲ್ಲೆಲ್ಲ ಅತಿ ಹೆಚ್ಚು ಸಲ ಸಿಕ್ಕಿರುವ ಪದಾರ್ಥ ಮದ್ಯವೇ. ತಂಪು ಪಾನೀಯದಲ್ಲಿ ಗುಟ್ಟಾಗಿ ವೋಡ್ಕಾ ಸುರಿದಿರಬಹುದು, ಅಥವಾ ಒಂದು ಪೆಗ್ ಎಂದು ಹೇಳಿ ಮೂರರಷ್ಟು ಹಾಕಿ ಕೊಟ್ಟಿರಬಹುದು. ಅದರ ನಂತರದ ಸ್ಥಾನ ನಿದ್ದೆಗೂ ಆತಂಕಕ್ಕೂ ಕೊಡುವ ಮಾತ್ರೆಗಳದ್ದು: ಅಲ್ಪ್ರಜೋಲಾಮ್, ಡಯಾಜೆಪಾಮ್, ಲೊರಾಜೆಪಾಮ್, ಜೋಲ್ಪಿಡೆಮ್ ಮುಂತಾದವು. ಹೊರದೇಶದ ಸುದ್ದಿಗಳಲ್ಲಿ ಕೇಳಿಬರುವ ರೋಹಿಪ್ನಾಲ್, ಜಿಎಚ್‌ಬಿ, ಅರಿವಳಿಕೆಯ ಕೆಟಮಿನ್ ಇವೂ ಇದೇ ಸಾಲಿನವು. ಮದ್ಯದ ಜೊತೆ ಸೇರಿದಾಗ ಇವು ಪ್ರಜ್ಞೆಯನ್ನಷ್ಟೇ ಅಲ್ಲ, ಉಸಿರಾಟವನ್ನೂ ಕುಂದಿಸುತ್ತವೆ.

ಇವುಗಳ ಒಂದು ಗುಣವನ್ನು ಪೊಲೀಸರೂ ಪಾಲಕರೂ ಅರ್ಥ ಮಾಡಿಕೊಳ್ಳುವುದಿಲ್ಲ. ಔಷಧ ಏರಿರುವಾಗ ಆ ವ್ಯಕ್ತಿ ನಡೆಯಬಹುದು, ಮಾತಾಡಬಹುದು, ನಗಲೂಬಹುದು. ಆದರೆ ಮೆದುಳು ಆ ಹೊತ್ತಿನ ಯಾವುದನ್ನೂ ನೆನಪಾಗಿ ಬರೆದಿಟ್ಟುಕೊಳ್ಳುತ್ತಿರುವುದಿಲ್ಲ. ಮರುದಿನ ‘ನಿನಗೆ ಎಚ್ಚರವಿತ್ತು, ನೀನೇ ನಡೆದುಕೊಂಡು ಹೋದೆ’ ಎಂದು ಸಾಕ್ಷಿ ಹೇಳುವವನೂ, ‘ನನಗೆ ಏನೂ ನೆನಪಿಲ್ಲ’ ಎನ್ನುವವಳೂ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಮೈಮೇಲೆ ಗಾಯವಿಲ್ಲ ಎಂಬುದೂ ಇಲ್ಲಿ ಏನನ್ನೂ ಸಿದ್ಧಮಾಡುವುದಿಲ್ಲ, ಏಕೆಂದರೆ ಪ್ರತಿಭಟಿಸುವ ಶಕ್ತಿಯನ್ನು ಮೊದಲೇ ಕಿತ್ತುಕೊಳ್ಳಲಾಗಿರುತ್ತದೆ.

ಆದ್ದರಿಂದ ನಿಮ್ಮ ಸೂಚನೆಯಲ್ಲಿ ಲೋಟದ ಮಾತು ಒಂದು ಸಾಲಿದ್ದರೆ ಸಾಕು, ಮುಂದಿನ ಕೆಲವು ಗಂಟೆಗಳ ಮಾತು ಹತ್ತು ಸಾಲಿರಲಿ. ಔಷಧವು ದೇಹದಿಂದ ಹೊರಹೋಗುತ್ತಲೇ ಇರುತ್ತದೆ. ಜಿಎಚ್‌ಬಿಯಂಥದ್ದು ಮೂತ್ರದಲ್ಲಿಯೂ ಸುಮಾರು 12 ಗಂಟೆಯ ನಂತರ ಸಿಗುವುದಿಲ್ಲ. ಹಲವು ನಿದ್ದೆಮಾತ್ರೆಗಳು ಮೂರರಿಂದ ಐದು ದಿನದವರೆಗೂ ಮೂತ್ರದಲ್ಲಿ ಉಳಿಯಬಹುದು. ಹೀಗಾಗಿ ಅನುಮಾನ ಬಂದ ಮೇಲಿನ ಮೊದಲ ಮೂತ್ರ ಬಹಳ ಬೆಲೆಯುಳ್ಳದ್ದು. ಆಸ್ಪತ್ರೆ ತಲುಪುವವರೆಗೆ ತಡೆದುಕೊಳ್ಳಲು ಆಗದಿದ್ದರೆ ತೊಳೆದು ಒಣಗಿಸಿದ, ಮುಚ್ಚಳವಿರುವ ಡಬ್ಬಿಯಲ್ಲಿ ಹಿಡಿದು, ತಂಪಾದ ಜಾಗದಲ್ಲಿಟ್ಟು, ಹಿಡಿದ ಹೊತ್ತನ್ನು ಬರೆದುಕೊಂಡು ತರಬೇಕು. ಉಟ್ಟ ಬಟ್ಟೆಯನ್ನು ತೊಳೆಯದೆ ಕಾಗದದ ಚೀಲದಲ್ಲಿ ಹಾಕಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಸಾಕ್ಷ್ಯ ಕೆಡುತ್ತದೆ. ಸ್ನಾನ ಮಾಡಿಬಿಟ್ಟಿದ್ದರೂ, ಎರಡು ದಿನ ಕಳೆದಿದ್ದರೂ, ‘ಇನ್ನು ಹೋಗಿ ಪ್ರಯೋಜನವಿಲ್ಲ’ ಎಂದು ಕೂಡಬಾರದು. ಎಚ್‌ಐವಿ ತಡೆಯುವ 28 ದಿನಗಳ ಔಷಧಕ್ರಮವನ್ನು 72 ಗಂಟೆಯೊಳಗೆ ಆರಂಭಿಸಬೇಕು, ತುರ್ತು ಗರ್ಭನಿರೋಧಕವೂ ಬೇಗ ತೆಗೆದುಕೊಂಡಷ್ಟು ಒಳ್ಳೆಯದು. ಮೂತ್ರದಲ್ಲಿ ಸಿಗದಿದ್ದರೂ ಸುಮಾರು ಒಂದು ತಿಂಗಳ ನಂತರ ಕೂದಲಿನಲ್ಲಿ ಕೆಲವು ಔಷಧಗಳ ಗುರುತನ್ನು ಹುಡುಕಬಹುದು.

ಪರೀಕ್ಷೆಯ ಅಂಜಿಕೆಯ ಬಗ್ಗೆಯೂ ಒಂದು ಮಾತು. ಸಂತ್ರಸ್ತೆಯ ಯೋನಿಯಲ್ಲಿ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ ಎಂಬ ಅಮಾನವೀಯ ಪದ್ಧತಿಯನ್ನು ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿಯೇ ಬೇಡವೆಂದಿದೆ. ಅದನ್ನು ಮಾಡುವವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಗಲ್ಲಿ ಗೆಳೆಯ:
ಇಷ್ಟೆಲ್ಲ ಯಾಕೆ? ಪ್ರೊಜೆಸ್ಟರೆಕ್ಸ್ ಎಂಬ ಕುದುರೆಯ ಮಾತ್ರೆಯನ್ನು ಬೆರೆಸುತ್ತಾರಂತೆ, ಅದರಿಂದ ಹುಡುಗಿಗೆ ಮುಂದೆ ಮಕ್ಕಳೇ ಆಗುವುದಿಲ್ಲವಂತೆ ಎಂಬ ಸಂದೇಶ ನಮ್ಮ ವಾಟ್ಸ್ಆಪ್ ಗುಂಪಿನಲ್ಲಿ ಬಂದಿದೆ. ಅದನ್ನೇ ಮುದ್ರಿಸಿ ಅಂಟಿಸಿದರೆ ಎಲ್ಲರೂ ಹೆದರಿ ಎಚ್ಚರದಿಂದ ಇರುತ್ತಾರೆ. ಮತ್ತಿನ ಔಷಧ ಬಿದ್ದರೆ ಪಾನೀಯ ನೀಲಿಯಾಗುತ್ತದೆ ಎಂದೂ ಬರೆದಿದ್ದರು.

ಗೋಕಾಕದ ಔಷಧ ಅಂಗಡಿಯವ:
ದಯವಿಟ್ಟು ಅಂಟಿಸಬೇಡಿ. ಪ್ರೊಜೆಸ್ಟರೆಕ್ಸ್ ಎಂಬ ಔಷಧವೇ ಇಲ್ಲ. ಈ ಸಂದೇಶ ವಾಟ್ಸ್ಆಪ್ ಹುಟ್ಟುವುದಕ್ಕಿಂತ ಮೊದಲು ಇ-ಮೇಲಿನಲ್ಲಿ ಸುತ್ತುತ್ತಿದ್ದ ಹಳೆಯ ಸುಳ್ಳು. ಹೀಗೆ ಹೆದರಿಸುವುದರಿಂದ ಆಗುವ ನಷ್ಟ ಏನೆಂದರೆ, ನಿಜವಾಗಿ ಇಂಥ ಸ್ಥಿತಿಗೆ ಸಿಕ್ಕ ಹುಡುಗಿ ‘ನನ್ನ ಬಾಳೇ ಮುಗಿಯಿತು’ ಎಂದುಕೊಂಡು ಬಾಗಿಲು ಹಾಕಿಕೊಂಡು ಕೂಡುತ್ತಾಳೆ.

ನೀಲಿಯ ಕಥೆಯಲ್ಲಿ ಅರ್ಧ ಸತ್ಯವಿದೆ. ರೋಹಿಪ್ನಾಲ್ ತಯಾರಿಸುತ್ತಿದ್ದ ರೋಶ್ ಕಂಪನಿ ದುರುಪಯೋಗ ತಡೆಯಲೆಂದು ಆ ಮಾತ್ರೆಗೆ ನೀಲಿ ಬಣ್ಣ ಬಿಡುವ ಪದಾರ್ಥವನ್ನು ಸೇರಿಸಿತು. ಆ ಬಣ್ಣ ಕೋಲಾದಂಥ ಕಪ್ಪು ಪಾನೀಯದಲ್ಲಿ ಸುಲಭವಾಗಿ ಕಾಣುವುದಿಲ್ಲ, ಬೇರೆ ಕಂಪನಿಗಳ ಮಾತ್ರೆಗಳಲ್ಲಿ ಆ ಬಣ್ಣವೇ ಇರಬೇಕೆಂದಿಲ್ಲ. ಬಣ್ಣ ಬದಲಾಗಲಿಲ್ಲ ಎಂದರೆ ಪಾನೀಯ ಶುದ್ಧವಾಗಿದೆ ಎಂದಲ್ಲ. ಪಾನೀಯದಲ್ಲಿರುವ ಔಷಧವನ್ನು ಪತ್ತೆಹಚ್ಚುವ ಪರೀಕ್ಷಾ ಪಟ್ಟಿಗಳೂ ಲೋಟಗಳೂ ಅಂತರ್ಜಾಲದಲ್ಲಿ ಮಾರಾಟಕ್ಕಿವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈನಿಂದ ಒಂದು ವರ್ಗದ ಬಾರುಗಳು ಅವನ್ನು ಇಟ್ಟಿರಲೇಬೇಕೆಂದು ಕಾನೂನು ಮಾಡಿದ್ದಾರೆ. ಅವು ಗುರುತಿಸುವುದು ಒಂದೆರಡು ಔಷಧಗಳನ್ನು ಮಾತ್ರ, ಹೆಚ್ಚು ಸುರಿದ ಮದ್ಯವನ್ನಂತೂ ಅಲ್ಲ.

ನಮ್ಮ ವೃತ್ತಿಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ಅಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್‌ಗಳು 2014ರಿಂದ ಔಷಧ ನಿಯಮಗಳ ಎಚ್‌1 ಅನುಸೂಚಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಅವನ್ನು ಕೊಡುವಂತಿಲ್ಲ; ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣ ಇವನ್ನೆಲ್ಲ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ‘ಅಜ್ಜಿಗೆ ನಿದ್ದೆ ಬರುವುದಿಲ್ಲ, ಒಂದು ಪಟ್ಟಿ ಕೊಡ್ರಿ’ ಎಂದು ಬಂದ ಪರಿಚಯದ ಹುಡುಗನಿಗೆ ಇಲ್ಲ ಎನ್ನುವುದು ಸಣ್ಣ ಊರಿನಲ್ಲಿ ಎಷ್ಟು ಕಷ್ಟವೆಂದು ನನಗೆ ಗೊತ್ತು, ಮತ್ತು ಎಷ್ಟು ಅಂಗಡಿಗಳಲ್ಲಿ ಆ ಪುಸ್ತಕವನ್ನು ತಪಾಸಣೆಯ ಹಿಂದಿನ ರಾತ್ರಿ ಕೂತು ತುಂಬುತ್ತಾರೆ ಎಂಬುದೂ ಗೊತ್ತು.

ಬೈಲಹೊಂಗಲದ ಪಾಲಕ:
ಔಷಧದ ವಿಷಯ ತಿಳಿಯಿತು. ನನ್ನ ಸಂದೇಹ ಬೇರೆ. ನೆನಪೇ ಇಲ್ಲ ಎನ್ನುವವಳು ದೂರಿನಲ್ಲಿ ಏನೆಂದು ಬರೆಸುತ್ತಾಳೆ? ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಊರವರು ‘ಕುಡಿದು ಬಿದ್ದಿದ್ದಳು, ಈಗ ಕಥೆ ಕಟ್ಟುತ್ತಾಳೆ’ ಎನ್ನುವುದಿಲ್ಲವೇ? ಘಟನೆ ನಡೆದದ್ದು ಗೋವಾದಲ್ಲಿ ಆಗಿದ್ದರಂತೂ ಅಲ್ಲಿಯ ಠಾಣೆಗೆ ಅಲೆಯುವುದು ಯಾರು? ಕಟುವಾಗಿ ಕೇಳಿದೆನೆಂದು ಬೇಸರ ಬೇಡ. ನಾಳೆ ನನ್ನ ಮನೆಗೇ ಬಂದರೆ ಎಂಬ ಯೋಚನೆಯಿಂದ ಕೇಳುತ್ತಿದ್ದೇನೆ.

ಕಪ್ಪು ಕೋಟು:
ಕೇಳಬೇಕಾದ ಪ್ರಶ್ನೆಗಳನ್ನೇ ಕೇಳಿದ್ದೀರಿ. ನಾನು ಬೆಳಗಾವಿಯ ನ್ಯಾಯಾಲಯದಲ್ಲಿ ವಕೀಲಿಕೆ ಮಾಡುತ್ತೇನೆ.

ಮೊದಲು ಕುಡಿದಿದ್ದಳು ಎಂಬ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮು ಅತ್ಯಾಚಾರವನ್ನು ವಿವರಿಸುವಾಗ, ಅಮಲಿನಲ್ಲಿದ್ದ ಕಾರಣ ಅಥವಾ ಆರೋಪಿ ತಾನೇ ಇಲ್ಲವೇ ಇನ್ನೊಬ್ಬರ ಮೂಲಕ ಮತ್ತಿನ ಪದಾರ್ಥ ಕೊಟ್ಟ ಕಾರಣ, ತಾನು ಒಪ್ಪುತ್ತಿರುವುದು ಏನೆಂದು ತಿಳಿಯಲಾರದ ಸ್ಥಿತಿಯಲ್ಲಿದ್ದವಳ ಒಪ್ಪಿಗೆಯನ್ನು ಒಪ್ಪಿಗೆಯೆಂದು ಪರಿಗಣಿಸುವುದಿಲ್ಲ. ಅವಳು ತಾನಾಗಿಯೇ ಕುಡಿದಿದ್ದಳೇ, ಇನ್ನೊಬ್ಬರು ಕುಡಿಸಿದರೇ ಎಂಬುದು ಇಲ್ಲಿ ಮುಖ್ಯವಲ್ಲ. ಅವಳ ಆ ಹೊತ್ತಿನ ಸ್ಥಿತಿ ಏನಿತ್ತು ಎಂಬುದು ಮುಖ್ಯ. ಮೈಯಿಂದ ಪ್ರತಿಭಟಿಸಲಿಲ್ಲ ಎಂಬುದಷ್ಟೇ ಒಪ್ಪಿಗೆಯಾಗದು ಎಂದೂ ಅದೇ ಕಲಮು ಹೇಳುತ್ತದೆ. ಶಿಕ್ಷೆ ಕನಿಷ್ಠ ಹತ್ತು ವರ್ಷ.

ಇನ್ನು 123ನೆಯ ಕಲಮು. ಹಳೆಯ ದಂಡ ಸಂಹಿತೆಯಲ್ಲಿ ಇದು 328 ಆಗಿತ್ತು. ನೋಯಿಸುವ ಅಥವಾ ಬೇರೊಂದು ಅಪರಾಧಕ್ಕೆ ದಾರಿ ಮಾಡಿಕೊಳ್ಳುವ ಉದ್ದೇಶದಿಂದ ಯಾರಿಗೇ ಆಗಲಿ ವಿಷವನ್ನೋ, ಪ್ರಜ್ಞೆ ಮಂಕಾಗಿಸುವ ಅಥವಾ ಅಮಲು ಬರಿಸುವ ಪದಾರ್ಥವನ್ನೋ ಕೊಟ್ಟರೆ ಹತ್ತು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಇದನ್ನು ಬಹಳ ಜನ ಮರೆಯುತ್ತಾರೆ: ಮುಂದಿನ ದೌರ್ಜನ್ಯ ನಡೆಯದೇ ಹೋದರೂ ಬೆರೆಸಿ ಕೊಟ್ಟದ್ದೇ ಒಂದು ಅಪರಾಧ. ಹಳೆಯ ನಿವಾಸಿಯವರ ಪ್ರಕರಣದಲ್ಲಿ ‘ಏನೂ ಆಗಲಿಲ್ಲವಲ್ಲ’ ಎಂದು ಯಾರಾದರೂ ಸಮಾಧಾನ ಹೇಳಿದ್ದರೆ ಅದು ಕಾನೂನಿನ ದೃಷ್ಟಿಯಲ್ಲಿ ತಪ್ಪು. ತಂಪು ಪಾನೀಯದಲ್ಲಿ ಗುಟ್ಟಾಗಿ ಮದ್ಯ ಸುರಿಯುವುದೂ ಇದರೊಳಗೆ ಬರುತ್ತದೆ.

ಗೋವಾದ ಪ್ರಶ್ನೆಗೆ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಎಲ್ಲಿಯೇ ನಡೆದಿರಲಿ, ದೂರನ್ನು ಯಾವ ಠಾಣೆಯಲ್ಲಿಯೂ ಕೊಡಬಹುದು. ಶೂನ್ಯ ಎಫ್‌ಐಆರ್ ಎನ್ನುವುದು ಇದಕ್ಕೇ. ಬೆಳಗಾವಿಯ ಠಾಣೆಯವರು ಬರೆದುಕೊಂಡು ಗೋವಾದ ಠಾಣೆಗೆ ಕಳಿಸಬೇಕು. ‘ನಮ್ಮ ಹದ್ದಿಗೆ ಬರುವುದಿಲ್ಲ’ ಎನ್ನುವಂತಿಲ್ಲ. ಅತ್ಯಾಚಾರದಂಥ ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಬರೆದುಕೊಳ್ಳಲು ನಿರಾಕರಿಸಿದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೆಯ ಕಲಮಿನಡಿ ಶಿಕ್ಷೆಯಿದೆ. ಚಿಕಿತ್ಸೆಯನ್ನು ಸರಕಾರಿಯಷ್ಟೇ ಅಲ್ಲದೆ ಖಾಸಗಿ ಆಸ್ಪತ್ರೆಯೂ ಹಣ ಪಡೆಯದೆ ಕೂಡಲೇ ಕೊಡಬೇಕು. ಮೊದಲು ಠಾಣೆಗೆ ಹೋಗಿ ಬನ್ನಿ ಎಂದು ಅವಳನ್ನು ತಿರುಗಿಸಿ ಕಳಿಸುವಂತಿಲ್ಲ. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ಮಾದರಿಗಳ ಪರೀಕ್ಷೆಗೆ ಬೆಳಗಾವಿಯಲ್ಲಿಯೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವೂ ಇದೆ.

ನೆನಪಿಲ್ಲದವಳು ಏನು ಬರೆಸಬೇಕು? ನೆನಪಿರುವುದನ್ನು ಮಾತ್ರ. ನಡುವಿನ ಖಾಲಿ ಜಾಗವನ್ನು ಊಹೆಯಿಂದಲೋ ಗೆಳತಿಯರ ಮಾತಿನಿಂದಲೋ ತುಂಬಬಾರದು. ಪಾಟೀಸವಾಲಿನಲ್ಲಿ ಹಿಡಿಯುವುದು ಅಲ್ಲಿಯೇ. ‘ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ನನಗೆ ನೆನಪಿಲ್ಲ’ ಎಂಬ ವಾಕ್ಯವೇ ಒಂದು ಸಾಕ್ಷ್ಯ. ಆ ಅವಧಿಯ ಕರೆಗಳು, ಫೋನ್‌ಪೇ ಪಾವತಿಗಳು, ಆಟೋ ಬಾಡಿಗೆ, ಕಳಿಸಿದ ಅಸ್ಪಷ್ಟ ಸಂದೇಶಗಳು ಇವೆಲ್ಲ ಹೊತ್ತನ್ನು ಹೇಳುತ್ತವೆ, ಯಾವುದನ್ನೂ ಅಳಿಸಬಾರದು. ಹೋಟೆಲಿನ ಅಥವಾ ಕಟ್ಟಡದ ಸಿಸಿಟಿವಿ ದೃಶ್ಯಗಳ ಮೇಲೆ ಕೆಲವೇ ದಿನಗಳಲ್ಲಿ ಹೊಸ ದೃಶ್ಯ ದಾಖಲಾಗಿಬಿಡುತ್ತದೆ, ಆದ್ದರಿಂದ ಅವನ್ನು ಕಾಯ್ದಿಡುವಂತೆ ಮೊದಲ ದಿನವೇ ಪೊಲೀಸರಿಗೆ ಲಿಖಿತವಾಗಿ ಕೇಳಬೇಕು. ಪ್ರಯೋಗಾಲಯದ ವರದಿಯಲ್ಲಿ ಏನೂ ಸಿಗಲಿಲ್ಲ ಎಂದರೆ ಆ ಹೊತ್ತಿಗೆ ದೇಹದಲ್ಲಿ ಉಳಿದಿರಲಿಲ್ಲ ಎಂದೂ ಅರ್ಥವಾಗಬಹುದು. ಅದೊಂದರಿಂದಲೇ ಪ್ರಕರಣ ಬಿದ್ದುಹೋಗುವುದಿಲ್ಲ.

ಊರವರ ಬಾಯಿಗೆ ಮಾತ್ರ ನನ್ನ ಬಳಿ ಕಲಮು ಇಲ್ಲ. ಆದರೆ ಸಂತ್ರಸ್ತೆಯ ಗುರುತನ್ನು ಪ್ರಕಟಿಸಿದರೆ ನ್ಯಾಯ ಸಂಹಿತೆಯ 72ನೆಯ ಕಲಮಿನಂತೆ ಎರಡು ವರ್ಷದವರೆಗೆ ಶಿಕ್ಷೆ ಇದೆ. ಅಕ್ಕಾವರು ವಿವರ ಬದಲಿಸಿ ಬರೆದದ್ದು ಒಳ್ಳೆಯದಾಯಿತು.

ಚೋರ್ಲಾ ಘಾಟ್:
ನಾನು ಅಂತಿಮ ವರ್ಷದ ವಿದ್ಯಾರ್ಥಿ. ಇಲ್ಲಿ ಯಾರೂ ಹುಡುಗರ ಬಗ್ಗೆ ಬರೆದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಪರೀಕ್ಷೆ ಮುಗಿದರೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವುದು ನಮ್ಮಲ್ಲಿ ಹಬ್ಬದಂತೆ. ಹೋದ ವರ್ಷ ನಾವು ಏಳು ಜನ ಹೋಗಿದ್ದೆವು. ಅಲ್ಲಿ ಪರಿಚಯವಾದ ಒಬ್ಬ ವ್ಯಕ್ತಿ ನಮ್ಮಲ್ಲಿ ಒಬ್ಬನಿಗೆ ತಾನಾಗಿ ಕುಡಿಸಿದ. ನಮ್ಮ ಗೆಳೆಯ ಕುಡಿದದ್ದು ಕಡಿಮೆ, ಆದರೆ ಸ್ವಲ್ಪ ಹೊತ್ತಿಗೆ ಜೋಲಿ ಹೊಡೆಯತೊಡಗಿದ. ನಾವು ಏನು ಮಾಡಿದೆವು ಎಂದರೆ, ನಕ್ಕೆವು. ವಿಡಿಯೊ ಮಾಡಿದೆವು. ‘ಎರಡು ಪೆಗ್ಗಿಗೇ ಮಲಗಿದ’ ಎಂದು ಹಾಸ್ಯ ಮಾಡಿ, ‘ನಾನು ಇವನನ್ನು ರೂಮಿಗೆ ಮುಟ್ಟಿಸುತ್ತೇನೆ’ ಎಂದ ಆ ಮನುಷ್ಯನ ಕೈಗೇ ಅವನನ್ನು ಒಪ್ಪಿಸಿ ಸಮುದ್ರದ ಕಡೆಗೆ ಹೋದೆವು.

ಫೋನು ಮತ್ತು ಹಣ ಹೋಗಿತ್ತು. ಅಷ್ಟೇ ಎಂದು ನಾವು ತಿಳಿದಿದ್ದೆವು. ಅಷ್ಟೇ ಅಲ್ಲ ಎಂದು ಅವನು ಹೇಳಿದ್ದು ಐದು ತಿಂಗಳ ನಂತರ, ನನ್ನೊಬ್ಬನಿಗೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಯಾರಿಗೆ ದೂರು ಕೊಡಬೇಕಿತ್ತು, ಗಂಡಸಿನ ದೂರನ್ನು ಯಾರಾದರೂ ಬರೆದುಕೊಳ್ಳುತ್ತಾರೆಯೇ ಎಂಬುದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ. ಎಚ್ಚರಿಕೆಯ ಮಾತೆಲ್ಲ ಕುಡಿಯುವವರಿಗೇ ಹೇಳುತ್ತೀರಿ. ಪಕ್ಕದಲ್ಲಿ ಕೂತವರಿಗೆ ಯಾರೂ ಏನೂ ಹೇಳಿರಲಿಲ್ಲ.

ಕಪ್ಪು ಕೋಟು:
ತಮ್ಮಾ, ನಿನ್ನ ಗೆಳೆಯನಿಗೆ ತಿಳಿಸು: ಅತ್ಯಾಚಾರದ ಕಲಮು ಇಂದಿಗೂ ಹೆಣ್ಣುಮಕ್ಕಳಿಗೆ ಮಾತ್ರ ಅನ್ವಯಿಸುತ್ತದೆ, ಗಂಡಸಿನ ಮೇಲಿನ ಲೈಂಗಿಕ ದೌರ್ಜನ್ಯಕ್ಕೂ ಅನ್ವಯಿಸುತ್ತಿದ್ದ ಹಳೆಯ ದಂಡ ಸಂಹಿತೆಯ 377ಕ್ಕೆ ಸಮನಾದ ಕಲಮನ್ನು ಹೊಸ ಸಂಹಿತೆಯಲ್ಲಿ ಇಡಲಿಲ್ಲ. ಇದು ಕಾನೂನಿನಲ್ಲಿರುವ ದೊಡ್ಡ ಬಿರುಕು, ನಾನು ಮುಚ್ಚಿಡುವುದಿಲ್ಲ. ಆದರೆ 123ನೆಯ ಕಲಮು ಗಂಡು ಹೆಣ್ಣು ಎಂದು ಭೇದ ಮಾಡುವುದಿಲ್ಲ. ಅಮಲು ಬರಿಸಿದ್ದಕ್ಕೆ, ದೋಚಿದ್ದಕ್ಕೆ, ಹಲ್ಲೆಗೆ ದೂರು ಕೊಡಬಹುದು, ಈಗಲೂ ಕೊಡಬಹುದು. ಹದಿನೆಂಟು ತುಂಬದ ಹುಡುಗನಾಗಿದ್ದರೆ 2012ರ ಪೋಕ್ಸೊ ಕಾಯ್ದೆ ಹುಡುಗ ಹುಡುಗಿ ಇಬ್ಬರಿಗೂ ಸಮಾನ.

ತುರ್ತು ವಿಭಾಗದ ವೈದ್ಯೆ:
ಪಕ್ಕದಲ್ಲಿ ಕೂತವರಿಗೆ ಹೇಳಬೇಕಾದದ್ದು ಇದು. ಕುಡಿದ ಪ್ರಮಾಣಕ್ಕೂ ಕಾಣುವ ಅಮಲಿಗೂ ತಾಳೆಯಾಗದಿದ್ದರೆ, ಅಂದರೆ ಅರ್ಧ ಲೋಟಕ್ಕೆ ನಾಲಿಗೆ ತೊದಲಿದರೆ, ಕಾಲು ಸೋತರೆ, ಎಚ್ಚರ ತಪ್ಪುತ್ತ ಬಂದರೆ, ಅದನ್ನು ಹಾಸ್ಯವೆಂದು ತಿಳಿಯಬಾರದು. ಒಬ್ಬರಾದರೂ ಕೊನೆಯವರೆಗೆ ಜೊತೆಗಿರಬೇಕು. ಹೊಸ ಪರಿಚಯದವನ ಕೈಗೆ ಮಾತ್ರವಲ್ಲ, ‘ನಾನು ನೋಡಿಕೊಳ್ಳುತ್ತೇನೆ, ನೀವು ಹೋಗಿ’ ಎಂದು ಅವಸರ ಮಾಡುವ ಗೆಳೆಯನ ಕೈಗೂ ಒಪ್ಪಿಸಬಾರದು. ಅಂಗಾತ ಮಲಗಿಸಿದರೆ ವಾಂತಿ ಶ್ವಾಸನಾಳಕ್ಕೆ ಇಳಿದು ಜೀವ ಹೋಗಬಹುದು. ಒಂದು ಮಗ್ಗುಲಿಗೆ ಮಲಗಿಸಿ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು, ಲಿಂಬೆರಸ ಅಥವಾ ಮಜ್ಜಿಗೆ ಹೊಯ್ಯುವುದು ಬೇಡವೇ ಬೇಡ. ಎಬ್ಬಿಸಿದರೆ ಏಳದಿದ್ದರೆ, ಉಸಿರು ನಿಧಾನವಾದರೆ, ಕೂಡಲೇ 112ಕ್ಕೆ ಅಥವಾ 108ಕ್ಕೆ ಕರೆ ಮಾಡಿ. ಉಳಿದ ಪಾನೀಯವನ್ನು ಚೆಲ್ಲದೆ ಬಾಟಲಿ ಸಮೇತ ತನ್ನಿ.

ಹಳೆಯ ನಿವಾಸಿ:
ಕಾಕಾ ಮೊದಲ ದಿನ ಬೀಗದ ಮಾತು ಹೇಳಿದ್ದರು. ಬೀಗ ಹೊರಗಿನವರಿಗೆ. ಫ್ರಾನ್ಸಿನ ಮಜಾನ್ ಎಂಬ ಸಣ್ಣ ಊರಿನಲ್ಲಿ ಗಿಸೆಲ್ ಪೆಲಿಕೊ ಎಂಬ ಮಹಿಳೆಗೆ ಸುಮಾರು ಹತ್ತು ವರ್ಷ ಊಟದಲ್ಲಿ, ಪಾನೀಯದಲ್ಲಿ ಲೊರಾಜೆಪಾಮ್ ಬೆರೆಸಿದವನು ಅವಳ ಗಂಡ. ಪ್ರಜ್ಞೆಯಿಲ್ಲದ ಅವಳ ಬಳಿಗೆ ಬೇರೆ ಗಂಡಸರನ್ನು ಕರೆಸುತ್ತಿದ್ದವನೂ ಅವನೇ. ತನ್ನ ಮರೆವಿಗೆ ಮೆದುಳಿನ ರೋಗವೇ ಕಾರಣವಿರಬೇಕೆಂದು ಹೆದರಿ ಆಕೆ ವೈದ್ಯರಲ್ಲಿಗೆ ಅಲೆದರು. ಅಂಗಡಿಯೊಂದರಲ್ಲಿ ಹೆಂಗಸರ ಲಂಗದ ಕೆಳಗೆ ಚಿತ್ರೀಕರಿಸುತ್ತಿದ್ದಾಗ ಅವನು 2020ರಲ್ಲಿ ಸಿಕ್ಕಿಬಿದ್ದ ಮೇಲೆಯೇ ಎಲ್ಲವೂ ಹೊರಬಂದದ್ದು. 2024ರ ಡಿಸೆಂಬರಿನಲ್ಲಿ ಅವನೂ ಸೇರಿ 51 ಜನರೂ ತಪ್ಪಿತಸ್ಥರೆಂದು ತೀರ್ಪಾಯಿತು. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುವುದು ಬೇಡವೆಂದು ಪಟ್ಟು ಹಿಡಿದವರು ಆಕೆಯೇ.

ನಮ್ಮ ಪತ್ರಿಕೆಗಳಲ್ಲಿ ಬರುವ ಸುದ್ದಿಯನ್ನೇ ನೋಡಿ: ‘ಮತ್ತು ಬರಿಸುವ ಔಷಧ ಬೆರೆಸಿದ ತಂಪು ಪಾನೀಯ ಕೊಟ್ಟು’ ಎಂದು ಆರಂಭವಾಗುವ ವಾಕ್ಯ ‘ಪರಿಚಯಸ್ಥ’, ‘ಸಂಬಂಧಿ’, ‘ಸಹೋದ್ಯೋಗಿ’ ಎಂದು ಮುಗಿಯುತ್ತದೆ. ರೈಲಿನಲ್ಲಿ ಬಿಸ್ಕೀಟು ಕೊಟ್ಟು ದೋಚುವವರು ಅಪರಿಚಿತರು, ಅಲ್ಲಿ ಆ ಎಚ್ಚರಿಕೆ ಸರಿ. ಆದರೆ ಅದನ್ನೇ ಇಲ್ಲಿಗೂ ತಂದು ಅಂಟಿಸಿದರೆ, ಪರಿಚಯದವನ ಕೈಯಿಂದ ಕುಡಿದವಳು ಮೊದಲು ತನ್ನನ್ನೇ ನಂಬುವುದಿಲ್ಲ.

ಬೈಲಹೊಂಗಲದ ಪಾಲಕ:
ಪತ್ರದ ವಿಷಯ ಒಪ್ಪುತ್ತೇನೆ, ಅದನ್ನು ತೆಗೆಯಲಿ. ಪತ್ರ ನನ್ನ ಕೈಗೆ ಬರುವ ಹೊತ್ತಿಗೆ ನಾಲ್ಕು ದಿನ ಕಳೆದಿರುತ್ತದೆ. ಗೇಟಿನ ವಿಷಯ ಒಪ್ಪಲಾರೆ. ಒಮ್ಮೆ ತೆರೆಯುತ್ತದೆ ಎಂದರೆ ದಿನಾಲೂ ತೆರೆಯುತ್ತದೆ.

ಹಿಂಡಲಗಾ ಅಕ್ಕ:
ರವಿವಾರದ ಸಭೆ ಮುಗಿಸಿಕೊಂಡು ಬಂದು ಬರೆಯುತ್ತಿದ್ದೇನೆ. ಎರಡೂವರೆ ಗಂಟೆ ನಡೆಯಿತು. ನಡುವೆ ಚಹಾ ಎರಡು ಸಲ ಬಂತು, ಯಾರೋ ಒಬ್ಬರು ‘ಈ ಚಹಾದಲ್ಲಿ ಏನಿದೆಯೋ’ ಎಂದು ನಗೆಯಾಡಲು ಹೋಗಿ ತಾವೇ ಸುಮ್ಮನಾದರು.

ಅಪರಿಚಿತರು ಎಂಬ ಪದ ಹೋಯಿತು. ಪತ್ರದ ವಾಕ್ಯವೂ ಹೋಯಿತು. ಪಾಲಕರಿಗೆ ತಿಳಿಸಬೇಕೋ ಬೇಡವೋ ಎಂಬುದನ್ನು ಹದಿನೆಂಟು ದಾಟಿದ ಹುಡುಗಿಯೇ ನಿರ್ಧರಿಸಲಿ ಎಂದು ಬರೆದೆವು. ಲೋಟದ ವಾಕ್ಯ ಹಾಗೆಯೇ ಉಳಿಯಿತು, ಅದರಲ್ಲಿ ತಪ್ಪಿಲ್ಲ. ಪಕ್ಕದಲ್ಲಿ ಕೂತವರಿಗೆಂದು ವೈದ್ಯೆಯವರು ಹೇಳಿದ್ದನ್ನು ಬಹುಪಾಲು ಅವರ ಮಾತಿನಲ್ಲಿಯೇ ಇಳಿಸಿಕೊಂಡೆವು. ಜಿಲ್ಲಾ ಆಸ್ಪತ್ರೆ, 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100, ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರ ಇವನ್ನೆಲ್ಲ ಕೆಳಗೆ ಹಾಕಿದ್ದೇವೆ. ಮುಚ್ಚಳವಿರುವ ಹೊಸ ಡಬ್ಬಿ ಆರು, ಕಾಗದದ ಚೀಲ ಹನ್ನೆರಡು ತಂದು ಮೇಲ್ವಿಚಾರಕಿಯ ಕಪಾಟಿನಲ್ಲಿ ಇಟ್ಟಿದ್ದೇವೆ. ಅಡುಗೆಯ ಅವ್ವ ಮಾತ್ರ ತನ್ನ ಫ್ರಿಜ್ಜಿನಲ್ಲಿ ಅಂಥದ್ದನ್ನು ಇಡಲು ಬಿಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದರಿಂದ ಥರ್ಮೊಕೋಲಿನ ಒಂದು ಪೆಟ್ಟಿಗೆಯನ್ನೂ ಕೊಂಡೆವು.

ಗೇಟಿನ ಮೇಲೆ ಮೇಲ್ವಿಚಾರಕಿಯವರು ಕೊನೆಯವರೆಗೆ ಮಣಿಯಲಿಲ್ಲ. ಆಗ ನಾನು, ಹೆಸರು ಹೇಳದೆ, ಎಂಟು ಐವತ್ತರ ಕಥೆಯನ್ನು ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವೇ ಪೆನ್ನು ತೆಗೆದುಕೊಂಡು ಬರೆದ ವಾಕ್ಯ ಇದು: ‘ಎಂಟೂವರೆಗೆ ಗೇಟು ಮುಚ್ಚುತ್ತದೆ. ಮೈ ಸರಿಯಿಲ್ಲದೆ ಅಥವಾ ಅಂಜಿಕೊಂಡು ಬಂದವರಿಗೆ, ಮತ್ತು ಅವರನ್ನು ಕರೆತಂದವರಿಗೆ, ಯಾವ ಹೊತ್ತಿನಲ್ಲಾದರೂ ತೆರೆಯುತ್ತದೆ. ಅಂದು ರಾತ್ರಿ ಕಾರಣ ಕೇಳುವುದಿಲ್ಲ.’ ರಾತ್ರಿಪಾಳಿಯ ಕಾವಲುಗಾರರಿಗೆ ಪ್ರತ್ಯೇಕ ಫೋನು ಕೊಡಿಸಿದ್ದೇವೆ.

ಬೈಲಹೊಂಗಲದ ಪಾಲಕ:
ಇಂಥ ವಾಕ್ಯವನ್ನು ನನ್ನ ಮಗಳು ಇರುವ ವಸತಿನಿಲಯದಲ್ಲಿಯೂ ಬರೆಸಬಹುದೇನೋ ಎಂದು ನಾಳೆ ಕೇಳಿ ನೋಡುತ್ತೇನೆ. ಕಾವಲುಗಾರರ ಆ ಫೋನ್ ಸಂಖ್ಯೆಯನ್ನು ಪಾಲಕರಿಗೂ ಕೊಡುತ್ತೀರಾ?

ಹಿಂಡಲಗಾ ಅಕ್ಕ:
ಇಲ್ಲರೀ, ಹುಡುಗಿಯರಿಗೆ ಮಾತ್ರ ಕೊಟ್ಟಿದ್ದೇವೆ.